ಒತ್ತಕ್ಷರಕ್ಕೆ ಜಾಗ

ಕಬ್ಬನ್‌ಪೇಟೆಯ ಗಲ್ಲಿ. ಕೆಳಗೆ ನಾಲ್ಕು ಮಗ್ಗ, ಮೇಲೆ ನಾನು,
ನಡುವೆ ಒಂದೇ ಒಂದು ತೆಳು ಚಪ್ಪಡಿ.
ಮಗ್ಗ ಓಡಿದರೆ ಮೌಸು ತಾನೇ
ಅರ್ಧ ಬೆರಳು ಸರಿದಿರುತ್ತದೆ.

ನನ್ನ ಕಸುಬು ಇಷ್ಟೇ:
ಟೀವಿಯಲ್ಲಿ ಯಾರೋ ಮಾತಾಡುವಾಗ
ಎದೆಯ ಕೆಳಗೆ ಜಾರಿಬಂದು ನಿಲ್ಲುತ್ತದಲ್ಲ ಒಂದು ಪಟ್ಟಿ,
ಹೆಸರು, ಹೆಸರಡಿಗೆ ಹುದ್ದೆ,
ಅದರಲ್ಲಿ
ಹೆಸರು ಹುದ್ದೆ ಎರಡನ್ನೂ ಬಿಟ್ಟು ಉಳಿದದ್ದು.

‘ಬರೀ ಪಟ್ಟಿಗೆ ದುಡ್ ಕೊಡ್ತಾರೇನೋ?’
ಬಾಡಿಗೆ ಕೇಳಲು ಹತ್ತಿಬಂದ ಚಿಕ್ಕಲಕ್ಷ್ಮಮ್ಮ,
ಮಡಿಲಲ್ಲಿ ಇನ್ನೂ ಕಂಡಿಕೆಯ ನೂಲು.
ಕೊಡ್ತಾರೆ. ಒಂದು ಮಾರಾಟಕ್ಕೆ ನನ್ನ ಪಾಲು
ಒಂದು ಖಾಲಿ ದೋಸೆ, ಬೈಟೂ ಕಾಫಿ.
ಹೋದ ತಿಂಗಳು ಹನ್ನೊಂದು ಹೋದವು.
ಆಕೆ ಬೆರಳಲ್ಲೇ ಲೆಕ್ಕ ಹಾಕಿ
ಸ್ಟೂಲಿನ ಮೇಲೆ ಕೂತರು.

ಅಕ್ಷರ ಇರಕೂಡದು. ಲಾಂಛನ ಇರಕೂಡದು.
ಹಿನ್ನೆಲೆ ಗಾಜಿನಂತೆ, ಯಾರ ಮುಖವಾದರೂ ಹಿಂದೆ ಬಂದು ಕೂರುವಂತೆ.
ಹದಿನೈದು ಸೆಕೆಂಡು:
ಬರಲೊಂದು, ಹೋಗಲೊಂದು,
ಉಳಿದ ಹದಿಮೂರು ಸುಮ್ಮನೆ ನಿಲ್ಲಲು.
ಪೂರಾ ಸುಮ್ಮನಿದ್ದರೂ ಕಷ್ಟ,
ಇದು ಚಿತ್ರ, ವಿಡಿಯೋ ಅಲ್ಲ ಎಂದು ವಾಪಸು ಕಳಿಸುತ್ತಾರೆ;
ಅದಕ್ಕೇ ಒಂದು ಸಣ್ಣ ಹೊಳಪು ಎಡದಿಂದ ಬಲಕ್ಕೆ
ಕಳ್ಳಹೆಜ್ಜೆಯಲ್ಲಿ.
ಮೊದಲ ಹತ್ತು ಬಂದದ್ದು ಅಂಚಿನ ಕಪ್ಪು ಕೂದಲೆಳೆಗೆ.
(ಅದು ಚಿಕ್ಕಲಕ್ಷ್ಮಮ್ಮನಿಗೆ ಕೂಡಲೇ ತಿಳಿಯಿತು:
‘ಅಂಚ್ ಕೆಟ್ರೆ ಸೀರೆನೇ ಕೆಟ್ಟಂಗೆ.’)
ಪ್ರತಿಯೊಂದಕ್ಕೂ ಐವತ್ತು ಹುಡುಕುಪದ:
ಸುದ್ದಿ, ನೀಲಿ, ಕಚೇರಿ, ಗಂಭೀರ, ಗೆರೆ.
ಒಮ್ಮೆ ಬೆಂಗಳೂರು ಎಂದೂ ಹಾಕಿದ್ದೆ.
ಸಂಬಂಧವಿಲ್ಲದ ಪದ ಎಂದು ಹೊಡೆದುಹಾಕಿದರು.

ಅಳತೆಗೆ ಇಂಗ್ಲಿಷಿನದೊಂದು ಹೆಸರಿಟ್ಟಿದ್ದೆ.
ಹೊಸಿಲಾಚೆ ಜೋಡಿಸಿಟ್ಟ ಚಪ್ಪಲಿಗಳ ಹಾಗೆ
ಎಲ್ಲ ಒಂದೇ ಸಾಲು.
‘ನಂದ್ ಹಾಕು ನೋಡಾಣ.’
ಹಾಕಿದೆ.
ಪಟ್ಟಿಯ ಕೆಳಗೆರೆ ಮಚ್ಚಿನ ಹಾಗೆ ಹಾದು
ಕ ಉಳಿಯಿತು, ಕಾವೊತ್ತು ಹೋಯಿತು,
ಮ ಉಳಿಯಿತು, ಮಾವೊತ್ತು ಹೋಯಿತು,
ಷಕಾರದ್ದಂತೂ ಸುಳಿವೇ ಇಲ್ಲ.
ಚಿಕಲಕಮ.
ಆಕೆ ತೆರೆಗೆ ಮೂಗು ತಾಗಿಸಿ ನೋಡಿದರು:
‘ನನ್ನ ಕಾಲೆಲ್ಲೋ?’

ಎಂಟು ಪಿಕ್ಸೆಲ್ ಇಳಿಸಿದೆ.
ಷ ನಿಂತಿತು; ಅದರಡಿಯ ಮಾವೊತ್ತಿಗೆ ಇನ್ನಾರು.
ಅಂದಿನಿಂದ ನನ್ನ ಎಲ್ಲ ಪಟ್ಟಿಗೂ ಅಷ್ಟು ಕೆಳಜಾಗ.
ಯಾವುದೋ ಸೀಮೆಯಲ್ಲಿ ಕೊಂಡವನೊಬ್ಬ
ಮೆಚ್ಚಿ ಬರೆದಿದ್ದ: ಉಸಿರಾಡುವ ವಿನ್ಯಾಸ.
ಉಸಿರಲ್ಲ ಸ್ವಾಮಿ, ಪಾದ.

ಕಳಿಸುವ ಮೊದಲು ಹೆಸರಿನ ಪದರದ
ಪಕ್ಕದ ಪುಟ್ಟ ಕಣ್ಣು ಮುಚ್ಚಿದೆ.
‘ನಾನೆಲ್ ಹೋದೆ?’
ಇಲ್ಲೇ ಇದೀರ ಅಮ್ಮ, ಕಾಣಲ್ಲ ಅಷ್ಟೆ.
‘ಬಾಡಿಗೆನೂ ಹಂಗೇ ಏನಪ್ಪ,
ಐತೆ, ಕಾಣಲ್ಲ?’

ಎಂಬತ್ತೊಂದು ಶೇಕಡಾಕ್ಕೆ ಕರೆಂಟು ಹೋಯಿತು.
ನಾಲ್ಕು ಮಗ್ಗ ಒಟ್ಟಿಗೆ ನಿಂತಾಗ
ಗಲ್ಲಿಗೆ ಕಿವಿ ಬಂದಂತಾಗುತ್ತದೆ.
ನಯಾಜನ ಜೊತೆ ಕಾಫಿಗೆ ಇಳಿದೆ;
ಮೇನ್ ರೋಡಿನ ಲೈನು ಬೇರೆ, ಅಲ್ಲಿ ಟೀವಿ ಇತ್ತು.
ಎಲ್ಲೋ ಕಾಂಪೌಂಡು ಕುಸಿದಿದೆ.
ತಲೆಗೆ ಟವೆಲು ಕಟ್ಟಿದ ಹೆಂಗಸು
ಕೈ ಎತ್ತಿ ತೋರಿಸುತ್ತಿದ್ದಾಳೆ ಎಷ್ಟೆತ್ತರದಿಂದ ಎಂದು.
ಕೆಂಪು ಪಟ್ಟಿ ಧಡ್ಡನೆ ಬಂತು:
ಪುಟಸಿದಮ. ಪತಕದರ್ಶಿ.
ಅರ್ಕಾವತ್ತೊಂದು, ಪಕ್ಕಕ್ಕೆ ಕೂತದ್ದರಿಂದ,
ಬದುಕಿಕೊಂಡಿತ್ತು.

ನಾಲ್ಕು ಸೆಕೆಂಡು. ಪಟ್ಟಿ ಹೋಯಿತು.
ಆಕೆಯ ಕೈ ಇನ್ನೂ ಮೇಲೇ ಇತ್ತು.

‘ನಿಂದಾ?’ ಎಂದ ನಯಾಜ್.
‘ಅಲ್ಲ ಗುರು’ ಎಂದೆ,
ಪಕ್ಕದ ಮೇಜಿನವರು ತಿರುಗುವಷ್ಟು ಜೋರಾಗಿ.
ಪುಟ್ಟಸಿದ್ದಮ್ಮ ಎಂದು
ಚೆಲ್ಲಿದ ಕಾಫಿಯಲ್ಲಿ ಬೆರಳದ್ದಿ ಬರೆದೆ,
ಮೇಜಿನಂಚು ಅಡ್ಡ ಬಂತು,
ಇನ್ನೊಂಚೂರು ಮೇಲಿಂದ ಶುರುಮಾಡಿದೆ.